ಒಂದು ಸೈಕಲ್ ಬಿಡಿಸಿ ನೋಡೋಣ

ಒಂದು ಪೇಪರ್, ಒಂದು ಪೆನ್ ತೆಗೆದುಕೊಳ್ಳಿ. ಈಗಲೇ. ನಾನು ಕಾಯುತ್ತೇನೆ. ಒಂದು ಸೈಕಲ್ ಬಿಡಿಸಿ. ಚಿತ್ರ ಚೆನ್ನಾಗಿ ಬರಬೇಕು ಅಂತೇನಿಲ್ಲ. ಫ್ರೇಮು, ಪೆಡಲ್, ಚೈನು ಇದ್ದ ಜಾಗದಲ್ಲಿ ಬಂದರೆ ಸಾಕು.

ನಾನು ಬಿಡಿಸಿದೆ. ಎರಡು ಚಕ್ರ, ಸೀಟು, ಹ್ಯಾಂಡಲ್ ಎಲ್ಲ ಸಲೀಸಾಗಿ ಬಂತು. ಆಮೇಲೆ ಚೈನು. ತುಂಬಾ ಧೈರ್ಯವಾಗಿ ಮುಂದಿನ ಚಕ್ರದಿಂದ ಹಿಂದಿನ ಚಕ್ರದ ತನಕ ಎಳೆದುಬಿಟ್ಟೆ. ಎಳೆದ ಮೇಲೆ ಹೊಳೆಯಿತು, ಈ ಸೈಕಲ್ಲಿನ ಹ್ಯಾಂಡಲ್ ತಿರುಗಿಸೋಕೇ ಆಗಲ್ಲ! ವರ್ಷಗಟ್ಟಲೆ ಸೈಕಲ್ ತುಳಿದವನು ನಾನು, ಚೈನ್ ಬಿದ್ದಾಗ ಕೈಯೆಲ್ಲ ಮಸಿ ಮಾಡಿಕೊಂಡು ಹಾಕಿದವನು.

ಸಮಾಧಾನದ ವಿಷಯ ಏನಂದ್ರೆ, ನಾನೊಬ್ಬನೇ ಅಲ್ಲ. ಲಿವರ್‌ಪೂಲ್ ವಿಶ್ವವಿದ್ಯಾಲಯದ ರೆಬೆಕಾ ಲಾಸನ್ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರಿಗೆ ಇದನ್ನೇ ಕೊಟ್ಟಿದ್ದರು. ಎರಡೂ ಚಕ್ರಕ್ಕೆ ಚೈನ್ ಸುತ್ತಿದವರು ಅಲ್ಲೂ ಸಾಕಷ್ಟು ಜನ ಸಿಕ್ಕರು. ದಿನಾ ನೋಡುವ ವಸ್ತು ನಮಗೆ ಗೊತ್ತಿರುವ ವಸ್ತು ಅಂತ ಅಂದುಕೊಂಡುಬಿಡುತ್ತೇವೆ, ಅಲ್ವಾ?

ಈಗಂತೂ ವಿಡಿಯೊಗಳಿಂದ ನೋಡೋದು ಇನ್ನೂ ಜಾಸ್ತಿ. ವಿಡಿಯೊ ಮಾಡುವ ನಾನೇ ಇದನ್ನು ಹೇಳೋದು ತಮಾಷೆ, ಇರಲಿ. 2018ರಲ್ಲಿ ಕಾರ್ಡಸ್ ಮತ್ತು ಓಬ್ರಿಯನ್ ಅನ್ನುವ ಇಬ್ಬರು ಸಂಶೋಧಕರು ಗುರಿಹಲಗೆಗೆ ಡಾರ್ಟ್ (ಸಣ್ಣ ಬಾಣ) ಎಸೆಯುವ ವಿಡಿಯೊವನ್ನು ಕೆಲವರಿಗೆ 1 ಸಲ, ಕೆಲವರಿಗೆ 20 ಸಲ ತೋರಿಸಿದರು. 20 ಸಲ ನೋಡಿದವರು ತಾವು ಜಾಸ್ತಿ ಪಾಯಿಂಟ್ ಹೊಡೆಯುತ್ತೇವೆ ಅಂದುಕೊಂಡರು. ಎಸೆದಾಗ ಏನೂ ವ್ಯತ್ಯಾಸ ಇರಲಿಲ್ಲ. ಬೆಳೆದದ್ದು ಧೈರ್ಯ ಮಾತ್ರ.

ನನ್ನ ಡಾರ್ಟು ಅಂದ್ರೆ ಬಚ್ಚಲಿನ ನಲ್ಲಿ. ತೊಟ್ಟಿಕ್ಕುತ್ತಿತ್ತು. ವಾಷರ್ ಬದಲಾಯಿಸುವ ವಿಡಿಯೊ ಮೂರು ಸಲ ನೋಡಿದೆ. ಇದಕ್ಕೆಲ್ಲ ಪ್ಲಂಬರ್ ಯಾಕೆ ಅಂತ ಮನೆಯಲ್ಲಿ ಒಂದು ಸಣ್ಣ ಭಾಷಣವನ್ನೂ ಮಾಡಿದೆ. ಸ್ಪ್ಯಾನರ್ ಹಿಡಿದು ತಿರುಗಿಸಿದೆ, ಜಾರಿತು. ಸ್ಪ್ಯಾನರ್ ಸರಿ ಇಲ್ಲ ಅಂದೆ. (ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆ ಜಾತಿ ನಾವು.) ಇನ್ನೊಂದು ಸುತ್ತು ಬಲವಾಗಿ ತಿರುಗಿಸಿದ್ದೇ ತಡ, ನಲ್ಲಿಯ ತಲೆ ಕೈಗೆ ಬಂತು, ನೀರು ನೇರ ಮುಖಕ್ಕೆ. ಮೇನ್ ವಾಲ್ವ್ ಮುಚ್ಚಿರಲಿಲ್ಲ. ವಿಡಿಯೊದಲ್ಲಿ ಅದು ಮೊದಲ ಹತ್ತು ಸೆಕೆಂಡಿನಲ್ಲೇ ಇತ್ತು, ನಾನು ಓಡಿಸಿಬಿಟ್ಟಿದ್ದೆ.

ವಾಲ್ವ್ ಮುಚ್ಚಿದ್ದು ಅಮ್ಮ. ಹಳೆಯ ವಾಷರ್ ತೆಗೆದು, ನಾನು ತಂದಿದ್ದನ್ನು ಅಂಗೈಯಲ್ಲಿ ಅದರ ಪಕ್ಕ ಇಟ್ಟು ನೋಡಿ, "ಅಳತೆ ನೋಡಿ ತರಬಾರದೇನೋ" ಅಂದಳು. ಡಬ್ಬಿಯೊಂದರಿಂದ ಬೇರೆ ವಾಷರ್ ಹುಡುಕಿ ತಂದು ಹಾಕಿದಳು. ನಿಂಗೆ ಇದೆಲ್ಲ ಬರುತ್ತಾ ಅಂತ ಕೇಳಿದರೆ, "ನಂಗೇನು ಬರುತ್ತೆ, ಸುಮ್ನೆ ಹಾಕಿದೆ ಅಷ್ಟೇ" ಅಂತ ಕೈ ಒರೆಸಿಕೊಂಡು ಹೋದಳು.

ಡನಿಂಗ್-ಕ್ರೂಗರ್ ಅನ್ನುವ ಇಬ್ಬರು ಮನೋವಿಜ್ಞಾನಿಗಳ ಹೆಸರು ಕೇಳಿರುತ್ತೀರಿ. ಎದುರಿಗಿರುವವನಿಗೆ ಏನೂ ಗೊತ್ತಿಲ್ಲ ಅಂತ ಚುಚ್ಚೋಕೆ ಎಲ್ಲರೂ ಬಳಸುತ್ತಾರೆ, ತಮ್ಮ ಬಗ್ಗೆ ಹೇಳಿಕೊಂಡವರನ್ನು ನಾನಂತೂ ನೋಡಿಲ್ಲ. ಆ ಇಬ್ಬರ 1999ರ ಅಧ್ಯಯನದಲ್ಲಿ, ಪರೀಕ್ಷೆ ಬರೆದವರಲ್ಲಿ ಅಂಕದಲ್ಲಿ ಕೆಳಗಿನ ಕಾಲು ಭಾಗದವರು ತಮ್ಮನ್ನು ಸರಾಸರಿಗಿಂತ ಮೇಲಿಟ್ಟುಕೊಂಡಿದ್ದರು. ಅದರಲ್ಲೇ ಇನ್ನೊಂದು ಮಾತೂ ಇದೆ. ಚೆನ್ನಾಗಿ ಮಾಡಿದ ಮೇಲಿನ ಕಾಲು ಭಾಗದವರು ತಮ್ಮ ಸ್ಥಾನವನ್ನು ಇದ್ದದ್ದಕ್ಕಿಂತ ಕೆಳಗೆ ಹೇಳಿಕೊಂಡಿದ್ದರು. ಅದನ್ನು ಯಾರೂ ಹೇಳಲ್ಲ. ಬೈಯೋಕೆ ಉಪಯೋಗಕ್ಕೆ ಬರಲ್ಲವಲ್ಲ.

ಅವತ್ತು ಸಂಜೆ ಅಮ್ಮನಿಗೂ ಪೇಪರ್ ಕೊಟ್ಟೆ. ಸೈಕಲ್ ಹೊಡೆದವಳೇ ಅಲ್ಲ. "ನಂಗೆ ಚಿತ್ರ ಬರಲ್ಲಪ್ಪ" ಅಂತ ಹೇಳುತ್ತಲೇ ಬಿಡಿಸಿದಳು. ಚಕ್ರ ಎರಡೂ ಸೊಟ್ಟ. ಚೈನು ಮಾತ್ರ ಪೆಡಲ್‌ನಿಂದ ಹಿಂದಿನ ಚಕ್ರಕ್ಕೇ ಹೋಗಿತ್ತು.