ಪಾಂಡಾ ತಾನಾಗಿ ಕೈ ನೀಡಿದಾಗ

ಕೇಳುಗರಿಗೆ ನಮಸ್ಕಾರ. ನಾನು ಪಶುವೈದ್ಯ. ಕೆಲಸದ ಹೆಚ್ಚಿನ ವರ್ಷ ಕಳೆದದ್ದು ಝೂಗಳಲ್ಲಿ, ಈಗ ಡೊಂಬಿವಲಿಯಲ್ಲಿದ್ದೇನೆ. ಪಾಂಡಾ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ನಮ್ಮ ಮುಂಬಯಿಯ ಝೂ, ಬೈಕಲಾದ ರಾಣಿಬಾಗಿನಲ್ಲಿ ಪೆಂಗ್ವಿನ್ ಇದೆ, ಆದರೆ ಈ ಕಪ್ಪು-ಬಿಳಿ ಪಾಂಡಾ ಭಾರತದ ಯಾವ ಝೂನಲ್ಲೂ ಇಲ್ಲ. ಇಲ್ಲದ ಪ್ರಾಣಿಯ ಮಾತು ನಮಗೇಕೆ ಅನ್ನಬೇಡಿ. ನಾನು ಹೇಳಬೇಕಾದದ್ದು ಒಂದೇ: ಪ್ರಾಣಿಗೆ ಮನಸ್ಸಿದ್ದರೆ ಬರಲಿ, ಇಲ್ಲದಿದ್ದರೆ ಹೋಗಲಿ. ಅದನ್ನು ನನಗೆ ಕಲಿಸಿದ್ದು ಒಂದು ಪಾಂಡಾ.

ಮೊದಲು ಊಟದ ವಿಷಯ. ಪಾಂಡಾ ಕರಡಿ ಜಾತಿಯದು. ಹೊಟ್ಟೆ ಮಾಂಸ ತಿನ್ನುವ ಪ್ರಾಣಿಯದು, ತಿನ್ನುವುದು ಮಾತ್ರ ಬಿದಿರು. ತಿಂದದ್ದರಲ್ಲಿ ಐದನೇ ಒಂದು ಪಾಲು ಮೈಗೆ ಹತ್ತಿದರೆ ಹೆಚ್ಚು. ಹಾಗಾಗಿ ದಿನಕ್ಕೆ 12ರಿಂದ 38 ಕಿಲೋ ಬಿದಿರು ಬೇಕು, ಅರ್ಧ ದಿನ ಅದೇ ಕೆಲಸ. ಅದೂ ಯಾವುದೋ ಬಿದಿರು ತಂದು ಹಾಕಿದರೆ ಆಗುವುದಿಲ್ಲ. ಮಾಟುಂಗಾ ಮಾರ್ಕೆಟ್ಟಿನಲ್ಲಿ ನಮ್ಮವರು ಬೆಂಡೆಕಾಯಿ ತುದಿ ಮುರಿದು ನೋಡುತ್ತಾರಲ್ಲ, ಹಾಗೆ ಒಂದೊಂದೇ ಕೋಲು ಎತ್ತಿ ಮೂಸಿ, ಬೇಡ ಅನಿಸಿದರೆ ಪಕ್ಕಕ್ಕೆ ಎಸೆಯುತ್ತದೆ. ಮಳೆಗಾಲದಲ್ಲಿ ಊರಿಂದ ಕಳಲೆ ತರಿಸಿಕೊಳ್ಳುವವರು ಇದ್ದೀರಿ, ನಿಮಗೆ ಗೊತ್ತಾಗುತ್ತದೆ. ಪಾಂಡಾಕ್ಕೂ ಎಳೆ ಕಳಲೆ ಅಂದರೆ ಪ್ರಾಣ.

ಈಗ ನೂರು ಕಿಲೋ ಮೀರಿದ ಈ ಕರಡಿಯ ರಕ್ತ ಪರೀಕ್ಷೆ ಮಾಡಬೇಕು. ಹೇಗೆ ಮಾಡುತ್ತೀರಿ?

ಹಳೆಯ ದಾರಿ ನನಗೆ ಗೊತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನಿದ್ದ ಝೂನಲ್ಲಿ ಒಂದು ಹೆಣ್ಣು ಕರಡಿ ಇತ್ತು, ನಮ್ಮ ಕಾಡಿನ ಕಪ್ಪು ಕರಡಿ. ಪಂಜರದ ಒಂದು ಬದಿಯನ್ನು ಒಳಕ್ಕೆ ತಳ್ಳಿ, ಅದು ಅಲುಗಾಡದಂತೆ ಒತ್ತಿ ಹಿಡಿದು ಸೂಜಿ ಚುಚ್ಚಿದೆವು. ಎರಡು ನಿಮಿಷದ ಕೆಲಸ. ಆಮೇಲೆ ನಾನು ಅಲ್ಲಿದ್ದಷ್ಟು ವರ್ಷ, ನನ್ನ ಚಪ್ಪಲಿ ಸದ್ದು ಕೇಳಿದರೆ ಸಾಕು, ಬೆಲ್ಲ ಹಾಕಿದ ಗಂಜಿ ಬಿಟ್ಟು ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ಕೂರುತ್ತಿತ್ತು. ಆ ಬೆನ್ನು ನನಗೆ ಈಗಲೂ ಕಣ್ಣ ಮುಂದಿದೆ.

ಎಷ್ಟೋ ವರ್ಷದ ಮೇಲೆ ಹೊರದೇಶದ ಒಂದು ಝೂಗೆ ಹೋಗಿದ್ದೆ. ಅಲ್ಲಿ ಪಾಂಡಾದ ಪಂಜರಕ್ಕೆ ಒಂದು ಕಬ್ಬಿಣದ ಕೊಳವೆ ಜೋಡಿಸಿದ್ದರು. ಮೊಣಕೈವರೆಗೆ ತೂರುವಷ್ಟು ಉದ್ದ, ಮೇಲೆ ತೆರೆದದ್ದು, ತುದಿಯಲ್ಲಿ ಹಿಡಿದುಕೊಳ್ಳಲು ಒಂದು ಅಡ್ಡ ಸರಳು. ಪಾಂಡಾ ಬಂತು, ಊಟಕ್ಕೆ ಕೂತ ಮಗುವಿನ ಹಾಗೆ ಕಾಲು ಚಾಚಿ ಕೂತಿತು, ಎಡಗೈ ಒಳಗೆ ತೂರಿಸಿ ಸರಳು ಹಿಡಿಯಿತು. ಕೈಮೇಲೆ ಅಂಗೈ ಅಗಲ ಕೂದಲು ಬೋಳಿಸಿದ್ದರು. ಒಬ್ಬಾಕೆ ಮುಂದೆ ಕೂತು ಸೇಬಿನ ಚೂರು ಕೊಡುತ್ತಿದ್ದಳು, ಇನ್ನೊಬ್ಬ ಸ್ಪಿರಿಟ್ಟಿನ ಹತ್ತಿ ಒರೆಸಿದ. ಅಷ್ಟರಲ್ಲಿ ಹೊರಗೆ ಏನೋ ಬಿತ್ತು, ಡಬ್ಬ ಅಂತ ಸದ್ದು. ಪಾಂಡಾ ಕೈ ಎಳೆದುಕೊಂಡು ಎದ್ದು ಹೋಗಿ ಬಿದಿರು ಜಗಿಯತೊಡಗಿತು. ನನಗೆ ತಡೆಯಲಿಲ್ಲ, ಕೈ ಹಿಡಿದುಕೊಳ್ಳಬಾರದಿತ್ತಾ ಅಂದೆ. ಆಕೆ ಕೊಳವೆ ತೋರಿಸಿದಳು. ಅದಕ್ಕೆ ಪಟ್ಟಿಯೂ ಇಲ್ಲ, ಚಿಲಕವೂ ಇಲ್ಲ. ಬೇಕೆಂತಲೇ ಹಾಗೆ ಮಾಡಿಸಿದ್ದು. ಎಲ್ಲರೂ ಸುಮ್ನೆ ಕೂತೆವು. ಹತ್ತು ಹದಿನೈದು ನಿಮಿಷ ಆಗಿರಬೇಕು, ಅದೇ ವಾಪಸ್ ಬಂದು, ಅದೇ ಕೈ ತೂರಿಸಿ, ಸರಳು ಹಿಡಿಯಿತು. ಸೂಜಿ ಒಳಗೆ ಹೋಯಿತು. ಸಿರಿಂಜು ತುಂಬುವವರೆಗೂ ಸೇಬು ಜಗಿಯುವುದು ನಿಲ್ಲಲಿಲ್ಲ. ಕೈ ಕೊಡುವುದು ಅಂದರೆ ನಮ್ಮ ಮಾತಿನಲ್ಲಿ ಮೋಸ ಮಾಡುವುದು, ಅಲ್ವಾ? ಅವತ್ತಿನಿಂದ ನನಗೆ ಆ ಮಾತಿನ ಅರ್ಥವೇ ಬೇರೆ ಆಗಿಬಿಟ್ಟಿದೆ.

ಇದನ್ನು ಹೇಳಲು ಹೊರಟರೆ ಸಮಯ ಎಲ್ಲಾ ಇದಕ್ಕೇ ಹೋಗುತ್ತದೆ. ಉಳಿದದ್ದು ಬೇಗ ಹೇಳುತ್ತೇನೆ. ಕಲಿಸುವುದು ಹೀಗೆ: ಕೋಲಿನ ತುದಿಗೆ ಒಂದು ಚೆಂಡು. ಮೂಗು ಮುಟ್ಟಿಸಿದರೆ ಸೀಟಿ, ಸೀಟಿಯ ಹಿಂದೆಯೇ ಕ್ಯಾರೆಟ್ಟೋ ಗೆಣಸೋ ಒಂದು ಚೂರು. ಆಮೇಲೆ ಕೂರುವುದು, ಬಾಯಿ ತೆರೆಯುವುದು, ಕೈ ನೀಡುವುದು. ತಿಂಗಳುಗಟ್ಟಲೆ ಹಿಡಿಯುತ್ತದೆ. ಇದೂ ಸರ್ಕಸ್ಸೇ ಅಲ್ವಾ ಡಾಕ್ಟ್ರೇ ಅಂತ ಕೇಳುವವರಿದ್ದಾರೆ, ಕೇಳಿ ಕೇಳಿ ನನಗೆ ಸಾಕಾಗಿದೆ. ಅಲ್ಲ. ಇಲ್ಲಿ ಉಪವಾಸ ಕೆಡವುವುದಿಲ್ಲ, ಹೊಡೆಯುವುದಿಲ್ಲ. ಮನಸ್ಸಿದ್ದರೆ ಬರಲಿ, ಇಲ್ಲದಿದ್ದರೆ ಹೋಗಲಿ.

ಇದು ಬರೀ ಕರುಣೆಯ ಮಾತೂ ಅಲ್ಲ. ಹೆಣ್ಣು ಪಾಂಡಾ ಗರ್ಭ ಕಟ್ಟಬಹುದಾದದ್ದು ವರ್ಷಕ್ಕೆ ಒಂದೇ ಸಲ, ಒಂದರಿಂದ ಮೂರು ದಿನ. ಆಮೇಲೆ ಬಸಿರಾಗದೆಯೂ ಬಸಿರಿಯ ಹಾಗೆ ಇರುತ್ತದೆ, ಗೂಡು ಮಾಡುತ್ತದೆ, ಹಾರ್ಮೋನ್ ಕೂಡ ಹಾಗೇ ಏರಿಳಿಯುತ್ತದೆ. ಖಚಿತವಾಗಬೇಕಾದರೆ ಸ್ಕ್ಯಾನ್ ಮಾಡಿ ಮರಿ ಕಾಣಬೇಕು. ಅದಕ್ಕೆ ಅದು ತಾನಾಗಿ ಬಂದು ಹೊಟ್ಟೆ ತೋರಿಸಿ ಮಲಗಬೇಕಲ್ಲ! ಹುಟ್ಟಿದ ಮರಿಯ ತೂಕ ಸುಮಾರು 100 ಗ್ರಾಂ. ದಾದರ್ ಸ್ಟೇಷನ್ ಹೊರಗೆ ಸಿಗುವ ದೊಡ್ಡ ಬಟಾಟೆವಡೆಯನ್ನು ಕೈಯಲ್ಲಿ ಹಿಡಿದು ನೋಡಿ, ಹೆಚ್ಚುಕಡಿಮೆ ಅಷ್ಟೇ. ಚೀನಾ 2015ರಲ್ಲಿ ತಿಳಿಸಿದ ಲೆಕ್ಕದ ಪ್ರಕಾರ ಕಾಡಿನಲ್ಲಿ ಉಳಿದಿದ್ದ ಪಾಂಡಾ 1,864. ಒಂದೊಂದು ಮರಿಯೂ ಎಣಿಕೆಗೆ ಬರುತ್ತದೆ.

ಕೊನೆಗೊಂದು ಕೇಳಿಕೆ. ಭಾನುವಾರ ಮಕ್ಕಳನ್ನು ಕರೆದುಕೊಂಡು ರಾಣಿಬಾಗಿಗೆ ಹೋಗುತ್ತೀರಿ. ಪ್ರಾಣಿ ಮಲಗಿದ್ದರೆ ಗಾಜು ಬಡಿಯಬೇಡಿ, ಸೀಟಿ ಹೊಡೆಯಬೇಡಿ. ಬೆನ್ನು ಹಾಕಿ ಕೂತಿದ್ದರೆ ಹಾಗೇ ಕೂರಲಿ. ಅಲ್ಲಿನ ಹಳೆಯ ಮರಗಳ ಕೆಳಗೆ ಒಂದು ಸುತ್ತು ಹಾಕಿ, ಅರ್ಧ ಗಂಟೆ ಬಿಟ್ಟು ಮತ್ತೆ ಬನ್ನಿ. ಆಗ ಅದು ನಿಮ್ಮ ಕಡೆ ತಿರುಗಿರಬಹುದು. ನಮಸ್ಕಾರ.