ಅಹವಾಲು ಸಭೆಯಲ್ಲಿ ಕಳೆದುಹೋದ ಮರುವಾಯಿ
(ಉಡುಪಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ. ಇಷ್ಟು ಮಳೆಯಲ್ಲೂ ಬಂದಿದ್ದೀರಿ, ಖುಷಿಯಾಯಿತು. 'ಪರಿಸರ ನೀತಿ ರೂಪುಗೊಳ್ಳುವ ಬಗೆ' ಅಂತ ಆಮಂತ್ರಣದಲ್ಲಿ ದೊಡ್ಡ ವಿಷಯ ಹಾಕಿದ್ದಾರೆ. ನಾನು ಮರುವಾಯಿಯಿಂದ, ಅಂದರೆ ಹೊಳೆಯ ಕೆಸರಿನಲ್ಲಿ ಸಿಗುವ ಚಿಪ್ಪಿನ ಜೀವಿಯಿಂದ ಶುರು ಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಒಂದು ಹೊಳೆಬದಿಯ ಊರಲ್ಲಿ, ಒಂದು ಕಂಪನಿಯ ಯೋಜನೆಯ ಬಗ್ಗೆ ಜನರ ಮಾತು ಕೇಳುವ ಸಾರ್ವಜನಿಕ ಅಹವಾಲು ಸಭೆ ಇತ್ತು. ಶಾಮಿಯಾನ, ಕೆಂಪು ಪ್ಲಾಸ್ಟಿಕ್ ಕುರ್ಚಿ, ಆಗಾಗ ಕುಂಯ್‌ಗುಡುವ ಮೈಕು. ಒಬ್ಬ ಹೆಂಗಸು ಎದ್ದು ನಿಂತು ತುಳುವಿನಲ್ಲಿ ಮಾತಾಡಿದರು. ಇಳಿತದ ಹೊತ್ತಿಗೆ ಸೊಂಟದ ಮಟ್ಟ ನೀರಿಗಿಳಿದು ಮರುವಾಯಿ ಹೆಕ್ಕಿ ಮಾರುವುದು ಅವರ ಕೆಲಸ. ಒಂದು ದಡದಲ್ಲಿ ಆಗಲೇ ಹೂಳು ತುಂಬಿ ಮರುವಾಯಿ ಸಿಗುತ್ತಿಲ್ಲ, ಆಚೆ ದಡಕ್ಕೂ ಮಣ್ಣು ಹಾಕಿದರೆ ನಾವು ಏನು ಹೆಕ್ಕುವುದು ಅಂತ ಕೇಳಿದರು. ಹೊಳೆಯ ಯಾವ ತಿರುವು, ಯಾವ ತಿಂಗಳು, ಮೊದಲು ಎಷ್ಟು ಬುಟ್ಟಿ, ಈಗೆಷ್ಟು, ಎಲ್ಲ ಹೇಳಿದರು.

ಆಮೇಲೆ ಸಭೆಯ ನಡಾವಳಿ ಓದಿದೆ. 'ಮೀನುಗಾರಿಕೆಗೆ ತೊಂದರೆಯಾಗಬಹುದೆಂದು ಒಬ್ಬರು ತಿಳಿಸಿದರು.' ಪಕ್ಕದ ಕಾಲಮ್ಮಿನಲ್ಲಿ ಕಂಪನಿಯ ಉತ್ತರ: 'ಸೂಕ್ತ ಕ್ರಮ ಕೈಗೊಳ್ಳಲಾಗುವುದು.' ಅಷ್ಟೇ. ಆ ಹೆಂಗಸಿಗೆ ಓದಿ ಹೇಳಿದೆ. 'ಮರುವಾಯಿ ಓಲುಂಡು?' ಅಂದರು. ಮರುವಾಯಿ ಎಲ್ಲಿದೆ?

ಮೀನು ಬೇರೆ ಕಡೆ ಈಜಿಕೊಂಡು ಹೋದೀತು. ಮರುವಾಯಿ ಕೆಸರಿನಲ್ಲೇ ಕೂತು ನೀರು ಸೋಸಿ ತಿನ್ನುವ ಜೀವ. ಮೇಲೆ ಹೂಳು ಬಿದ್ದರೆ ಅಲ್ಲೇ ಉಸಿರುಗಟ್ಟುತ್ತದೆ. 'ಮೀನುಗಾರಿಕೆ' ಅಂತ ಬರೆದ ಕೂಡಲೇ ಹೂಳಿನ ಪ್ರಶ್ನೆಯೇ ಕಡತದಿಂದ ಜಾರಿಹೋಯಿತು. ಯೋಜನೆಯನ್ನು ಪರಿಶೀಲಿಸುವ ದೆಹಲಿಯದ್ದೋ ಬೆಂಗಳೂರಿನದ್ದೋ ತಜ್ಞರ ಸಮಿತಿ ಓದುವುದು ಆ ಕಡತವನ್ನೇ. ವಿಡಿಯೊವೂ ಹೋಗುತ್ತದೆ, ಸರಿ. ತುಳು ವಿಡಿಯೊ ಯಾರು ಕೂತು ನೋಡುತ್ತಾರೆ, ಹೇಳಿ?

ಕಾನೂನು ಅಷ್ಟೇನೂ ಕೆಟ್ಟದಿಲ್ಲ. 1984ರ ಭೋಪಾಲ್ ದುರಂತದ ನಂತರ 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. ಅದರಡಿ 1994ರಲ್ಲಿ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆ, ಆಮೇಲೆ 2006ರ ಸೆಪ್ಟೆಂಬರ್ 14ರ ಅಧಿಸೂಚನೆ. ಸಭೆಗೆ ಕನಿಷ್ಠ 30 ದಿನ ಮುಂಚೆ ನೋಟಿಸ್ ಕೊಡಬೇಕು. ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಅಧ್ಯಕ್ಷರು. ಕೋರಂ ಬೇಡ, ಹತ್ತೇ ಜನ ಬಂದರೂ ಸಭೆ ಸಭೆಯೇ. ಇದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಸಾಲು ಬೇರೆ. ಸಭೆ ಮುಗಿದಾಗ ನಡಾವಳಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿ ವಿವರಿಸಿ, ಜನರ ಮುಂದೆ ಓದಿ, ಅವತ್ತೇ ಸಹಿ ಮಾಡಬೇಕು. ನಾವು ಒಪ್ಪಿಕೊಂಡದ್ದೇ ದಾಖಲೆ!

ಆ ದಿನ ಓದಿದರು ಕೂಡ. ಎರಡೂವರೆ ಗಂಟೆಗೆ, ಗಡಿಬಿಡಿಯಲ್ಲಿ, ಕನ್ನಡದಲ್ಲಿ. ಆ ಹೆಂಗಸು ಅಷ್ಟರಲ್ಲಿ ಬಸ್ಸು ಹತ್ತಿಯಾಗಿತ್ತು. ನಾನು ಅಲ್ಲೇ ಇದ್ದೆ, ಊಟದ ಸಾಲಿನಲ್ಲಿ. ಯಾರನ್ನು ದೂರುವುದು?

ಸ್ಥಳೀಯ ಭಾಷೆ ಅಂದರೆ ಕಚೇರಿಗೆ ಕನ್ನಡ. ನಮ್ಮ ಹೊಳೆಬದಿಗೆ ತುಳು, ಬ್ಯಾರಿ, ಕೊಂಕಣಿ, ಕುಂದಾಪ್ರ ಕನ್ನಡ. ದೆಹಲಿಗೆ ಇಂಗ್ಲಿಷ್. ಎರಡು ಸಲ ಪಾತ್ರೆ ಬದಲಾಗುವಾಗ ಸ್ವಲ್ಪ ಚೆಲ್ಲುವುದು ಸಹಜ ಅಲ್ವಾ. ಚೆಲ್ಲಿದ್ದು ಮರುವಾಯಿಯೇ ಆದರೆ ಮಾತ್ರ ಕಷ್ಟ.

ಇನ್ನೊಂದು ತಮಾಷೆ ನೋಡಿ. ಈ ಅಧ್ಯಯನಗಳಿಗೆ ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಉಳಿದ ಒಂದು ಸೀಸನ್ನಿನ ಮಾಹಿತಿ ಸಾಕು. ವರ್ಷಕ್ಕೆ ಹತ್ತಿರ ಹತ್ತಿರ 4,000 ಮಿ.ಮೀ. ಮಳೆ ಸುರಿಯುವ ಊರು ನಮ್ಮದು! ಫೆಬ್ರವರಿಯ ಹೊಳೆ ಅಳೆದು ಜುಲೈಯ ಹೊಳೆಗೆ ಭವಿಷ್ಯ ಹೇಳಿದ ಹಾಗೆ.

2020ರಲ್ಲಿ ಈ ಅಧಿಸೂಚನೆಯ ಹೊಸ ಕರಡು ಬಂತು. ಸಭೆಯ ನೋಟಿಸಿನ 30 ದಿನವನ್ನು 20ಕ್ಕೆ ಇಳಿಸುವ ಪ್ರಸ್ತಾಪ ಅದರಲ್ಲಿತ್ತು. ಕರಡು ಪ್ರಕಟವಾಗಿದ್ದು ಹಿಂದಿ, ಇಂಗ್ಲಿಷಿನಲ್ಲಿ ಮಾತ್ರ, ಅದೂ ಲಾಕ್‌ಡೌನ್ ಹೊತ್ತಲ್ಲಿ. ಜೂನ್ 30ರಂದು ದೆಹಲಿ ಹೈಕೋರ್ಟ್, ಸಂವಿಧಾನದ ಎಂಟನೇ ಪರಿಚ್ಛೇದದ ಎಲ್ಲ ಭಾಷೆಗಳಿಗೆ ಅದನ್ನು ಅನುವಾದಿಸಿ ಅಂದಿತು. ಆ ಪರಿಚ್ಛೇದದಲ್ಲಿ 22 ಭಾಷೆಗಳಿವೆ. ಕನ್ನಡ, ಕೊಂಕಣಿ ಇವೆ. ತುಳು, ಬ್ಯಾರಿ ಇಲ್ಲ.

ಹಾಗಾಗಿ ಈಗ ಸಭೆಗೆ ಹೋದರೆ ನಾನು ಕೊನೆವರೆಗೂ ಕೂರುತ್ತೇನೆ. ಊಟ ಆಮೇಲೆ. ಓದುವಾಗ 'ಮೀನುಗಾರಿಕೆ' ಅಂತ ಕೇಳಿದರೆ ಕೈ ಎತ್ತಿ 'ಸರ್, ಅವರು ಹೇಳಿದ್ದು ಮರುವಾಯಿ' ಅನ್ನುತ್ತೇನೆ. ನಡಾವಳಿಯನ್ನು ಗ್ರಾಮ ಪಂಚಾಯತಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು ಅಂತಲೂ ನಿಯಮ ಇದೆ. ಈ ನಿಯಮಗಳ ಕನ್ನಡ ಜೆರಾಕ್ಸ್ ಬಾಗಿಲ ಹತ್ತಿರದ ಮೇಜಿನ ಮೇಲಿದೆ. ಎರಡೆರಡು ತಗೊಳ್ಳಿ. ಒಂದು ನಿಮಗೆ, ಇನ್ನೊಂದು ನಿಮ್ಮ ಪಂಚಾಯತಿಗೆ.