ಖಾಲಿ ಎಂದು ಬರೆದುಕೊಂಡ ಬಯಲು: ನೆಬ್ರಾಸ್ಕದಲ್ಲಿ ನಾಲ್ಕು ದಿನ

ಈ ವ್ಲಾಗಿನ ಮೊದಲ ದೃಶ್ಯದಲ್ಲಿ ನೋಡಲು ಏನೂ ಇಲ್ಲ ಎಂದು ನಿಮಗೆ ಅನ್ನಿಸಿದರೆ ತಪ್ಪು ನಿಮ್ಮದಲ್ಲ. ಕೆಳಗೆ ಹುಲ್ಲು, ಮೇಲೆ ಆಕಾಶ, ನಡುವೆ ಅಡ್ಡ ಬರಲು ಒಂದು ಮರವೂ ಇಲ್ಲ. ಹಿಂದಿನಿಂದ ಕೇಳುತ್ತಿರುವ ಬುಸುಗುಟ್ಟುವ ಸದ್ದು ಗಾಳಿಯದು. ನಾಲ್ಕು ದಿನ ನಾನು ಆಡಿದ ಮಾತನ್ನೆಲ್ಲ ಅದು ನುಂಗಿಹಾಕಿತು. ಹಾಗಾಗಿ ಅಮೆರಿಕದ ನೆಬ್ರಾಸ್ಕ ರಾಜ್ಯದ ಒಮಾಹಾ ನಗರದ ನನ್ನ ಮನೆಗೆ ಮರಳಿ, ಬಟ್ಟೆಯ ಕಪಾಟಿನೊಳಗೆ ಕುಳಿತು, ಎಲ್ಲವನ್ನೂ ಹೊಸದಾಗಿ ಹೇಳುತ್ತಿದ್ದೇನೆ. ನಡುವೆ ಕೋಟಿನ ತೋಳು ಮೈಕಿಗೆ ತಾಗಿದ ಸದ್ದು ಬಂದರೆ ಕ್ಷಮಿಸಿ.

ನನಗೆ ಬಯಲು ಹೊಸತಲ್ಲ. ನಾನು ಬೆಳೆದದ್ದು ಚಳ್ಳಕೆರೆ ತಾಲ್ಲೂಕಿನಲ್ಲಿ, ಅಮೃತಮಹಲ್ ಕಾವಲಿನ ಅಂಚಿನ ಒಂದು ಊರಿನಲ್ಲಿ. ಮೈಸೂರು ಅರಸರ ದನಗಳಿಗೆಂದು ಕಾದಿರಿಸಿದ್ದ ಹುಲ್ಲುನೆಲ ಅದು. ಶಾಲೆಯಲ್ಲಿ ಭೂಗೋಳದ ಮೇಷ್ಟ್ರು ‘ಪ್ರೇರಿ ಎಂದರೆ ಹುಲ್ಲುಗಾವಲು’ ಎಂದು ಬರೆಸಿದಾಗ, ನಾನು ಕಿಟಕಿಯಾಚೆ ನೋಡಿ ಅಮೆರಿಕ ಇಲ್ಲೇ ಇದೆಯಲ್ಲ ಎಂದುಕೊಂಡಿದ್ದೆ. ಒಮಾಹಾಕ್ಕೆ ಬಂದು ವರ್ಷಗಳಾದರೂ ಕಚೇರಿ, ಮನೆ, ಅಂಗಡಿ ಬಿಟ್ಟು ಆ ಪ್ರೇರಿಯನ್ನು ನೋಡಿರಲಿಲ್ಲ. ಜೂನ್ ಕೊನೆಯಲ್ಲಿ ರಜೆ ಸಿಕ್ಕಿತು, ಕಾರು ಹತ್ತಿದೆ.

ಮೊದಲು ಹೋದದ್ದು ದಕ್ಷಿಣಕ್ಕೆ, ಬಿಯಾಟ್ರಿಸ್ ಎಂಬ ಸಣ್ಣ ಪಟ್ಟಣದ ಪಕ್ಕದ ಹೋಮ್‌ಸ್ಟೆಡ್ ರಾಷ್ಟ್ರೀಯ ಐತಿಹಾಸಿಕ ಉದ್ಯಾನಕ್ಕೆ. ಕಟ್ಟಡದ ಮಾಡನ್ನು ಗಮನಿಸಿ: ನೆಲವನ್ನು ಸೀಳಿಕೊಂಡು ಹೋಗುವ ನೇಗಿಲಿನ ಹಾಗೆ ಮೇಲೆದ್ದಿದೆ. ಇದನ್ನು ಮೇಲಿನಿಂದ ತೋರಿಸಬೇಕೆಂದು ಡ್ರೋನ್ ಹೊತ್ತುಕೊಂಡು ಹೋಗಿದ್ದೆ. ರಾಷ್ಟ್ರೀಯ ಉದ್ಯಾನಗಳಲ್ಲಿ ಅದನ್ನು ಹಾರಿಸುವಂತಿಲ್ಲ ಎಂಬ ಫಲಕ ಬಾಗಿಲಲ್ಲೇ ಇತ್ತು. ಡ್ರೋನ್ ನಾಲ್ಕು ದಿನವೂ ಹಿಂದಿನ ಸೀಟಿನಲ್ಲಿ ಕುಳಿತು ಊರು ನೋಡಿತು.

1862ರ ಮೇ 20ರಂದು ಲಿಂಕನ್ ಸಹಿ ಹಾಕಿದ ಹೋಮ್‌ಸ್ಟೆಡ್ ಕಾಯ್ದೆಯನ್ನು ನಮ್ಮ ಕಡೆಯವರಿಗೆ ವಿವರಿಸಲು ಒಂದೇ ಪದ ಸಾಕು: ದರಖಾಸ್ತು. ಅರ್ಜಿ ಹಾಕಿ 160 ಎಕರೆ ಗುರುತಿಸಿಕೊಳ್ಳಬೇಕು. ಐದು ವರ್ಷ ಅಲ್ಲೇ ಮನೆ ಕಟ್ಟಿಕೊಂಡು ಸಾಗುವಳಿ ಮಾಡಬೇಕು. ಆಮೇಲೆ ಇಬ್ಬರು ಸಾಕ್ಷಿಗಳನ್ನು ಕರೆತಂದು, ಹೌದು, ಇವರು ಇಲ್ಲೇ ಬಾಳಿದ್ದಾರೆ ಎಂದು ಹೇಳಿಸಿದರೆ ಹಕ್ಕುಪತ್ರ ಕೈಗೆ. ಶುಲ್ಕವೆಲ್ಲ ಸೇರಿ 18 ಡಾಲರ್. ಒಂಟಿ ಹೆಂಗಸರು, ವಿಧವೆಯರು ಅರ್ಜಿ ಹಾಕಬಹುದಿತ್ತು. ಹೊರದೇಶದವರು ಪೌರರಾಗುವ ಇರಾದೆ ಇದೆ ಎಂದು ಘೋಷಿಸಿದರೆ ಸಾಕಿತ್ತು. ಗ್ರೀನ್ ಕಾರ್ಡಿನ ಸರತಿಯಲ್ಲಿ ನಿಂತಿರುವ ನಾನು ಆ ಸಾಲನ್ನು ಎರಡು ಸಲ ಓದಿದೆ.

ಈ ಜಾಗವೇ ಯಾಕೆ ಸ್ಮಾರಕವಾಯಿತು ಎಂದರೆ, ಕಾಯ್ದೆ ಜಾರಿಗೆ ಬಂದ 1863ರ ಜನವರಿ 1ರಂದೇ ಡೇನಿಯಲ್ ಫ್ರೀಮನ್ ಎಂಬಾತ ಇಲ್ಲಿನ ಜಮೀನಿಗೆ ಅರ್ಜಿ ಹಾಕಿದ್ದ. ಹೊಸ ವರ್ಷದ ಹಿಂದಿನ ರಾತ್ರಿ ಭೂ ಕಚೇರಿಯವರನ್ನು ಒಪ್ಪಿಸಿ, ಹನ್ನೆರಡು ಹೊಡೆದ ಕೂಡಲೇ ಬಾಗಿಲು ತೆಗೆಸಿದನೆಂಬುದು ಇಲ್ಲಿ ಎಲ್ಲರೂ ಹೇಳುವ ಕಥೆ. ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿ ಇಳಿದವರಿಗೆ ಆ ರಾತ್ರಿ ಏನೇನು ನಡೆದಿರಬಹುದೆಂದು ಊಹಿಸುವುದು ಕಷ್ಟವಲ್ಲ. ಈ ಮನುಷ್ಯ ತಕರಾರಿನವನೂ ಹೌದು. ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿ ಬೈಬಲ್ ಓದಿಸುತ್ತಾರೆಂದು ಮೊಕದ್ದಮೆ ಹೂಡಿ, 1902ರಲ್ಲಿ ನೆಬ್ರಾಸ್ಕದ ಸುಪ್ರೀಂ ಕೋರ್ಟಿನಲ್ಲಿ ಗೆದ್ದ. ಗಂಡ ಹೆಂಡತಿಯ ಸಮಾಧಿ ಆ ದಿಬ್ಬದ ಮೇಲಿದೆ.

ಈಗ ಪರದೆಯ ಮೇಲಿರುವುದು 1867ರ ಮರದ ಮನೆ. ಅಗಲ 14 ಅಡಿ, ಉದ್ದ 16 ಅಡಿ. ಇದರಲ್ಲಿ ಹತ್ತು ಮಕ್ಕಳ ಸಂಸಾರ ಬಾಳಿತು. ಎರಡೂ ತೋಳು ಚಾಚಿ ಮಧ್ಯದಲ್ಲಿ ನಿಂತು ಮಲಗುವ ಜಾಗ ಎಣಿಸಲು ನೋಡಿದೆ; ಆರರ ಹೊತ್ತಿಗೆ ಲೆಕ್ಕ ತಪ್ಪಿತು. ಅದಕ್ಕಿಂತ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಸಂದರ್ಶಕರ ಕೇಂದ್ರದ ದಾರಿಯಲ್ಲಿರುವ ತಗಡಿನ ಗೋಡೆ. ಒಂದೊಂದು ರಾಜ್ಯದ ಆಕಾರದ ಒಂದೊಂದು ತಗಡು, ಅದರಲ್ಲಿ ಈ ಕಾಯ್ದೆಯಡಿ ಹಂಚಿಹೋದ ನೆಲದಷ್ಟು ಕಿಂಡಿ. ನೆಬ್ರಾಸ್ಕದ್ದರಲ್ಲಿ 45 ಪ್ರತಿಶತ ಕೊರೆದಿದೆ, ಎಲ್ಲ ರಾಜ್ಯಗಳಿಗಿಂತ ಹೆಚ್ಚು. ದೇಶದಲ್ಲಿ ಒಟ್ಟು 16 ಲಕ್ಷ ಹಕ್ಕುಪತ್ರಗಳು, 27 ಕೋಟಿ ಎಕರೆ. ಕರ್ನಾಟಕದಂಥ ಐದು ರಾಜ್ಯಗಳನ್ನು ಹಂಚಿದರೂ ಇನ್ನೂ ಮಿಗುವಷ್ಟು.

ಹಂಚಬೇಕಾದರೆ ಮೊದಲು ಅದು ಸರ್ಕಾರದ್ದಾಗಿರಬೇಕಲ್ಲ? ‘ನೆಬ್ರಾಸ್ಕ’ ಎಂಬ ಹೆಸರೇ ಇಲ್ಲಿನ ಮೂಲನಿವಾಸಿಗಳಾದ ಓಟೋ ಜನರ ಮಾತಿನದು, ಹರಡಿಕೊಂಡ ನೀರು ಎಂಬ ಅರ್ಥದ್ದು. ಓಟೋ-ಮಿಸೂರಿಯಾ ಜನ ಇದೇ ಬಿಗ್ ಬ್ಲೂ ನದಿಯ ದಂಡೆಯಲ್ಲಿ ಇದ್ದವರು. ಒಪ್ಪಂದದ ಮೇಲೆ ಒಪ್ಪಂದವಾಗಿ ಅವರ ನೆಲ ಕಿರಿದಾಗುತ್ತ ಹೋಗಿ, 1881ರಲ್ಲಿ ಈಗಿನ ಓಕ್ಲಹೋಮಾಕ್ಕೆ ಹೋಗಬೇಕಾಯಿತು. ಹೆಸರು ಇಲ್ಲಿ ಉಳಿಯಿತು. ನಮ್ಮ ಕಂದಾಯ ಇಲಾಖೆಯ ಭಾಷೆಯಲ್ಲಿ ಉಳುಮೆಗೆ ಬಾರದ ನೆಲಕ್ಕೆ ‘ಖರಾಬು’ ಎನ್ನುತ್ತಾರೆ. ಪಹಣಿಯಲ್ಲಿ ಆ ಪದ ಬಿದ್ದರೆ ಅಲ್ಲಿ ಮೇಯುವ ಕುರಿ, ಕೊಯ್ಯುವ ಕರಡದ ಹುಲ್ಲು, ಓಡುವ ಕೃಷ್ಣಮೃಗ ಯಾವುದೂ ಲೆಕ್ಕಕ್ಕಿಲ್ಲ. ನಮ್ಮ ಕಾವಲಿನ ಸಾವಿರಾರು ಎಕರೆ ರಕ್ಷಣೆ ಮತ್ತು ವಿಜ್ಞಾನದ ಸಂಸ್ಥೆಗಳಿಗೆ ಹೋಗಿ ಸುತ್ತ ಗೋಡೆ ಎದ್ದಾಗಲೂ ಖಾಲಿ ಜಾಗ ತಾನೇ ಎಂಬ ಮಾತನ್ನೇ ಕೇಳಿದ್ದೆ. ತಗಡಿನ ಕಿಂಡಿಯಲ್ಲಿ ಆಕಾಶ ಕಾಣುತ್ತಿತ್ತು, ಆ ಮಾತು ನೆನಪಾಯಿತು. ವ್ಲಾಗಿನಲ್ಲಿ ಇಷ್ಟು ಗಂಭೀರ ಬೇಡವೆಂದು ಈ ಭಾಗವನ್ನು ಒಮ್ಮೆ ತೆಗೆದಿದ್ದೆ, ಮತ್ತೆ ಸೇರಿಸಿದೆ.

ಉದ್ಯಾನದ ಕಟ್ಟಡದ ಹಿಂಬದಿಗೆ 100 ಎಕರೆ ಹುಲ್ಲು ಇದೆ. ಉತ್ತು ಉತ್ತು ಸವೆದಿದ್ದ ನೆಲದಲ್ಲಿ 1939ರಿಂದ ಮತ್ತೆ ಬೆಳೆಸಿದ ಪ್ರೇರಿ. ಜೂನಿನಲ್ಲಿ ಮೊಣಕಾಲುದ್ದ ಇತ್ತು. ಬಿಗ್ ಬ್ಲೂಸ್ಟೆಮ್ ಎಂಬ ಜಾತಿ ಆಗಸ್ಟಿನ ಹೊತ್ತಿಗೆ ಆಳೆತ್ತರ ಮೀರುತ್ತದೆ, ಬೇರು ಅದಕ್ಕಿಂತ ಆಳ. ಕಿತ್ತು ಎಸೆಯಲು ಒಂದು ದಿನದ ಉಳುಮೆ ಸಾಕಾಗಿದ್ದ ಹುಲ್ಲನ್ನು ಮರಳಿ ತರಲು ಎಂಬತ್ತು ವರ್ಷಗಳಿಂದ ದುಡಿಯುತ್ತಿದ್ದಾರೆ.

ಹಳೆಯ ಬಂಡಿದಾರಿಯ ತಂಗುದಾಣವಾದ ರಾಕ್ ಕ್ರೀಕ್ ಸ್ಟೇಷನ್ನಿನಲ್ಲಿ ಅರ್ಧ ಗಂಟೆ ಮಾತ್ರ ನಿಂತೆ. ವೈಲ್ಡ್ ಬಿಲ್ ಹಿಕಾಕ್ ಎಂಬ ಹೆಸರಾಂತ ಬಂದೂಕುಗಾರ 1861ರಲ್ಲಿ ಗುಂಡು ಹಾರಿಸಿದ ಜಾಗವೆಂದು ಜನ ಬರುತ್ತಾರೆ. ನನಗೆ ಬೇಕಿದ್ದದ್ದು ಗಾಡಿಜಾಡು. ಪಶ್ಚಿಮ ಕರಾವಳಿಯತ್ತ ವಲಸಿಗರು ಸಾಗಿದ ಆರೆಗಾನ್ ದಾರಿ ಹಿಡಿದ ಬಂಡಿಗಳು ಕೊರೆದ ಗುರುತು ಹುಲ್ಲಿನಡಿಯಲ್ಲಿ ಇನ್ನೂ ತಗ್ಗಾಗಿದೆ. ಕೆಳಗಿಳಿದು ನಿಂತರೆ ಕ್ಯಾಮೆರಾದಲ್ಲಿ ಏನೂ ಕಾಣುವುದಿಲ್ಲ, ಕಾಲಿಗೆ ಮಾತ್ರ ತಿಳಿಯುತ್ತದೆ.

ಗ್ರ್ಯಾಂಡ್ ಐಲ್ಯಾಂಡ್ ಎಂಬ ಊರಿನ ಸ್ಟುರ್ ವಸ್ತುಸಂಗ್ರಹಾಲಯ ನೀರಿನ ನಡುವೆ ಬೆಳ್ಳಗೆ ನಿಂತಿದೆ. ಎಲ್ಲೋ ನೋಡಿದ್ದೇನೆ ಅನ್ನಿಸಿತು. ದೆಹಲಿಯ ಅಮೆರಿಕ ರಾಯಭಾರ ಕಚೇರಿಯನ್ನು ವಿನ್ಯಾಸ ಮಾಡಿದ ಎಡ್ವರ್ಡ್ ಡ್ಯುರೆಲ್ ಸ್ಟೋನ್ ಅವರದೇ ಕೆಲಸ. ಹಳೆಯ ರೈಲ್ವೆ ಪಟ್ಟಣವೊಂದನ್ನು ಇಲ್ಲಿ ಮತ್ತೆ ಕಟ್ಟಿದ್ದಾರೆ. ಕಮ್ಮಾರ, ಅಂಗಡಿ, ಚರ್ಚು, ಎಲ್ಲವೂ ಸ್ವಲ್ಪ ಹೆಚ್ಚೇ ಒಪ್ಪವಾಗಿದೆ. ಎಲ್ಲಿಯೂ ಸಗಣಿಯ ವಾಸನೆ ಇಲ್ಲದ ಹಳ್ಳಿಯನ್ನು ನಂಬುವುದು ನನಗೆ ಕಷ್ಟ. ಆದರೆ ಪಕ್ಕದಲ್ಲಿ ಪಾನೀ ಎಂಬ ಮೂಲನಿವಾಸಿ ಜನರ ಮಣ್ಣಿನ ಮನೆಯ ಮಾದರಿ ಇದೆ. ಗುಂಡಗೆ, ಮರದ ಕಂಬಗಳ ಮೇಲೆ ಹುಲ್ಲು ಹೊದೆಸಿ ಮಣ್ಣು ಮುಚ್ಚಿದ, ನಡುವೆ ಒಲೆ ಇರುವ ಮನೆ. ಜೋಳ ಬೆಳೆದು ಊರು ಕಟ್ಟಿಕೊಂಡಿದ್ದ ಪಾನೀಗಳೂ 1870ರ ದಶಕದಲ್ಲಿ ಓಕ್ಲಹೋಮಾದ ಹಾದಿ ಹಿಡಿದರು. ಈ ಮನೆಯನ್ನು ನೆನಪಿಟ್ಟುಕೊಳ್ಳಿ.

ಯಾಕೆಂದರೆ ಮರುದಿನ ನಾನು ಹುಡುಕಿಕೊಂಡು ಹೋದದ್ದು ಕಸ್ಟರ್ ಕೌಂಟಿಯ ಕಾಮ್‌ಸ್ಟಾಕ್ ಬಳಿಯ ಇನ್ನೊಂದು ಮಣ್ಣಿನ ಮನೆಯನ್ನು. ಬಿಳಿಯ ವಲಸಿಗರ ಜಾಣ್ಮೆಯೆಂದು ಎಲ್ಲ ಫಲಕಗಳೂ ಹೊಗಳುವ ಸಾಡ್ ಹೌಸ್. ಮರವಿಲ್ಲದ ನಾಡಿನಲ್ಲಿ ನೆಲವನ್ನೇ ಇಟ್ಟಿಗೆ ಮಾಡಿದರು. ಬೇರು ಹೆಣೆದುಕೊಂಡ ಹುಲ್ಲುನೆಲವನ್ನು ವಿಶೇಷ ನೇಗಿಲಿನಿಂದ ಪಟ್ಟಿಪಟ್ಟಿಯಾಗಿ ಸೀಳಿ, ಮೂರಡಿಯ ತುಂಡು ಮಾಡಿ, ಹುಲ್ಲಿನ ಮುಖ ಕೆಳಗೆ ಬರುವಂತೆ ಪೇರಿಸುತ್ತಿದ್ದರು. ಗೋಡೆಯ ದಪ್ಪ ಎರಡು ಮೂರು ಅಡಿ. ಇದಕ್ಕೆ ‘ನೆಬ್ರಾಸ್ಕದ ಅಮೃತಶಿಲೆ’ ಎಂಬ ತಮಾಷೆಯ ಹೆಸರು. ನಾನು ನೋಡಲು ಹೋದ ಡೌಸ್ ಎಂಬವರ ಈ ಮನೆ 1900ರಲ್ಲಿ ಎದ್ದು, 1959ರವರೆಗೂ ಸಂಸಾರ ಕಂಡಿತು. ನಾನು ಹೋದಾಗ ಸುತ್ತ ಒಬ್ಬರೂ ಇರಲಿಲ್ಲ.

ಒಳಗೆ ಕಾಲಿಟ್ಟ ಕೂಡಲೇ ಗಾಳಿಯ ಸದ್ದು ನಿಂತಿತು. ಹೊರಗೆ ಬಿಸಿಲು ಸುಡುತ್ತಿತ್ತು, ಒಳಗೆ ತಂಪು. ನಮ್ಮ ಹಳೆಯ ಮಾಳಿಗೆ ಮನೆಯಲ್ಲಿ ಮಧ್ಯಾಹ್ನ ಮಲಗಿದಾಗ ಇರುತ್ತಿದ್ದ ಅದೇ ತಂಪು. ಮುಂಗಾರಿಗೆ ಮೊದಲು ಮಾಳಿಗೆಗೆ ಚೌಳುಮಣ್ಣು ಹಾಕಿಸುವುದು ನಮ್ಮಲ್ಲಿ ವರ್ಷದ ಕೆಲಸ. ತಪ್ಪಿದರೆ ಅಡುಗೆಮನೆಯ ಪಾತ್ರೆಗಳೆಲ್ಲ ಸೋರುವ ಜಾಗಗಳಿಗೆ ವರ್ಗವಾಗುತ್ತಿದ್ದವು. ಹುಲ್ಲುಹೆಂಟೆಯ ಮಾಡಿನ ಕೆಳಗೆ ಬಾಳಿದ ಇಲ್ಲಿನವರೂ ಹೊರಗೆ ಎರಡು ದಿನ ಮಳೆಯಾದರೆ ಒಳಗೆ ಮೂರು ದಿನ ಎನ್ನುತ್ತಿದ್ದರಂತೆ. ಮಣ್ಣು, ಹುಳ, ಒಮ್ಮೊಮ್ಮೆ ಹಾವು ತಲೆಯ ಮೇಲೆ ಬೀಳದಿರಲೆಂದು ಮಾಡಿನಡಿ ಬಟ್ಟೆ ಕಟ್ಟುತ್ತಿದ್ದರು. ಒಲೆಗೆ ಕಾಡೆಮ್ಮೆಯ, ಆಮೇಲೆ ದನದ ಒಣಗಿದ ಸಗಣಿ. ಪೂರ್ವದಿಂದ ಬಂದ ಹೆಂಗಸರು ಮೊದಮೊದಲು ಅದನ್ನು ಮುಟ್ಟಲು ಹೇಸುತ್ತಿದ್ದರೆಂದು ಓದಿ ನನಗೆ ನಗು ಬಂತು. ಬೆರಣಿ ತಟ್ಟಿದ ಕೈಯಲ್ಲೇ ನನಗೆ ರೊಟ್ಟಿ ತಟ್ಟಿಕೊಟ್ಟ ಅಜ್ಜಿಯ ಮೊಮ್ಮಗು ನಾನು.

ಇದೇ ಕೌಂಟಿಯಲ್ಲಿ ಸಾಲೊಮನ್ ಬುಚರ್ ಎಂಬ ಛಾಯಾಗ್ರಾಹಕ 1886ರಿಂದ ಬಂಡಿಯಲ್ಲಿ ಸುತ್ತಿ ಇಂಥ ಮನೆಗಳನ್ನು, ಮನೆಯವರನ್ನು ಹೊರಗೆ ಸಾಲಾಗಿ ನಿಲ್ಲಿಸಿ ತೆಗೆದ. ಒಂದು ಚಿತ್ರದಲ್ಲಿ ಅಂಗಳಕ್ಕೆ ಹೊತ್ತು ತಂದ ಆರ್ಗನ್ ವಾದ್ಯವಿದೆ, ಮನೆ ಇಲ್ಲ. ಊರಿನವರಿಗೆ ಆರ್ಗನ್ ಕಾಣಲಿ, ಮಣ್ಣಿನ ಮನೆ ಕಾಣದಿರಲಿ ಎಂದು ಮನೆಯಾಕೆ ಹಟ ಹಿಡಿದಿದ್ದಳು. ಒಮಾಹಾದ ಬಾಡಿಗೆ ಮನೆಯಿಂದ ನಾನು ಅವ್ವನಿಗೆ ವಿಡಿಯೊ ಕರೆ ಮಾಡುವಾಗ ಫೋನನ್ನು ಯಾವ ಗೋಡೆಯ ಕಡೆ ತಿರುಗಿಸುತ್ತೇನೆ ಎಂಬುದು ನನಗೆ ಗೊತ್ತು.

ಅಲ್ಲಿಂದ ಪಶ್ಚಿಮಕ್ಕೆ ಹೆದ್ದಾರಿ. ಬಂಡಿಯವರು ದಿನಕ್ಕೆ ಸುಮಾರು 15 ಮೈಲಿ ನಡೆಯುತ್ತಿದ್ದರು, ನನ್ನ ಕಾರು ಗಂಟೆಗೆ 75. ಅವರ ಐದು ದಿನ ನನ್ನ ಒಂದು ಗಂಟೆ. ಕೋಜಾಡ್ ಎಂಬ ಊರಿನಲ್ಲಿ ‘100ನೇ ರೇಖಾಂಶ’ ಎಂದು ದೊಡ್ಡ ಫಲಕ ಇದೆ, ನಿಲ್ಲಿಸಿ ಚಿತ್ರ ತೆಗೆದೆ. ಈ ಗೆರೆಯ ಆಚೆ ವರ್ಷಕ್ಕೆ 20 ಇಂಚು ಮಳೆಯೂ ಖಾತ್ರಿಯಿಲ್ಲ. ನೆಲ ಉತ್ತರೆ ಸಾಕು, ಮಳೆ ತಾನಾಗಿ ಹಿಂಬಾಲಿಸಿ ಬರುತ್ತದೆ ಎಂದು 1880ರ ಸುಮಾರಿನಲ್ಲಿ ಓದಿದವರೇ ಬರೆದರು, ಜನ ನಂಬಿ ಬಂದರು. 1890ರ ದಶಕದ ಬರ ಬಂತು. ಎಷ್ಟೋ ಸಂಸಾರಗಳು ಬಂದ ಬಂಡಿಯಲ್ಲೇ ಹಿಂದೆ ಹೋದವು. 160 ಎಕರೆ ಸಾಲದೆಂದು ಸರ್ಕಾರಕ್ಕೆ ಅರ್ಥವಾಗಿ, ರಾಜ್ಯದ ಪಶ್ಚಿಮ ಭಾಗಕ್ಕೆ 640 ಎಕರೆಯ ಹೊಸ ಕಾಯ್ದೆ ಬಂದದ್ದು 1904ರಲ್ಲಿ. 160 ಎಕರೆಯೂ ಸಾಲದ ಬಯಲು ಎಂಥದ್ದಿರಬಹುದೆಂದು ಮೂರೆಕರೆಯ ಮನೆಯಿಂದ ಬಂದ ನಾನು ಯೋಚಿಸುತ್ತ ಕಾರು ಓಡಿಸಿದೆ.

ಕೊನೆಯ ಸಂಜೆ ಇದು. ಆ ಮೊನೆ ಚಿಮ್ನಿ ರಾಕ್. ಮೂರು ಲಕ್ಷಕ್ಕೂ ಹೆಚ್ಚು ಜನ ಈ ದಾರಿಯಲ್ಲಿ ಪಶ್ಚಿಮಕ್ಕೆ ಹೋದರು, ಬಹಳಷ್ಟು ಮಂದಿ ನಡೆದೇ. ಕಾಲರಾಕ್ಕೆ ಸತ್ತವರನ್ನು ದಾರಿಬದಿಯಲ್ಲೇ ಹೂಳಿ ಮುಂದೆ ಸಾಗಿದರು. ಅವರ ದಿನಚರಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಬಾರಿ ಬರುವ ಗುರುತು ಈ ಬಂಡೆ. ಇಲ್ಲಿನ ಮೂಲನಿವಾಸಿಗಳು ಇಟ್ಟಿದ್ದ ಹೆಸರು ಎಲ್ಕ್ ಎಂಬ ದೊಡ್ಡ ಜಿಂಕೆಯ ಗಂಡಿಗೆ ಮಾತ್ರ ಇರುವ ಒಂದು ಅಂಗದ್ದು. ಹೊಸಬರು ನಾಚಿ ಹೊಗೆಗೂಡು ಎಂದರು.

ಅವ್ವನಿಗೆ ಕರೆ ಮಾಡಿದೆ. ನನಗೆ ಸಂಜೆ ಏಳು, ಅವಳಿಗೆ ಮರುದಿನದ ಬೆಳಗಿನ ಆರೂವರೆ. ಫೋನ್ ತಿರುಗಿಸಿ ಬಂಡೆ ತೋರಿಸಿ, ನಾನೂ ಹೊಗೆಗೂಡು ಎಂದೇ ಹೇಳಿದೆ. ಅವಳು ಬಂಡೆಯನ್ನು ನೋಡಲೇ ಇಲ್ಲ. ಸುತ್ತಲ ಹುಲ್ಲನ್ನು ನೋಡಿದಳು.

‘ಇಷ್ಟು ಹುಲ್ಲಿದೆ, ದನ ಎಲ್ಲಿ?’

ಬೇಲಿಯಾಚೆ ಇವೆ ಎಂದೆ.

‘ಮಳೆ ಆಯಿತಾ ಅಲ್ಲಿ?’

ಇನ್ನೂ ಇಲ್ಲ, ಪಶ್ಚಿಮದಲ್ಲಿ ಮೋಡ ಕಟ್ಟಿದೆ ಎಂದು ಫೋನನ್ನು ಆ ಕಡೆ ಹಿಡಿದೆ. ಅವಳು ಬಹಳ ಹೊತ್ತು ಆ ಮೋಡ ನೋಡುತ್ತಿದ್ದಳು. ಬಿತ್ತನೆಯ ಶೇಂಗಾ ಇನ್ನೂ ಚೀಲದಲ್ಲೇ ಇದೆ ಎಂದಳು.